ಅರವತ್ತೈದು ರೂಪಾಯಿಯ ದಿಗಂಬರರಾಯರು

ದಿಗಂಬರರಾಯರ ಬಲಗೈ ಯಾವ ಮೇಜಿನ ಮೇಲೂ ಊರುತ್ತಿರಲಿಲ್ಲ. ಮಾತಿಗೆ ಕುಳಿತಾಗ, ಪತ್ರಿಕೆ ಓದುವಾಗ, ಚಹದ ಬಟ್ಟಲು ಮುಂದಿರುವಾಗ, ಆ ಕೈ ಹಲಗೆಯಿಂದ ಎರಡು ಬೆರಳು ಎತ್ತರದಲ್ಲಿ, ಕೆಳಗೇನೋ ಹಸಿಯಾದದ್ದು ಹರಡಿಕೊಂಡಿದೆಯೇನೋ ಎಂಬಂತೆ, ಗಾಳಿಯಲ್ಲಿಯೇ ನಿಂತಿರುತ್ತಿತ್ತು. ಹೊಸದಾಗಿ ನೋಡಿದವರು ವಾತವಿರಬೇಕೆಂದು ತಿಳಿದು ಔಷಧ ಹೇಳುತ್ತಿದ್ದರು. ರಾಯರು ಮರ್ಯಾದೆಯಿಂದ ಔಷಧದ ಹೆಸರು ಕೇಳಿಕೊಳ್ಳುತ್ತಿದ್ದರೇ ಹೊರತು ಕೈಯನ್ನು ಕೆಳಗಿಳಿಸುತ್ತಿರಲಿಲ್ಲ.

ಹತ್ತೊಂಬತ್ತು ವರ್ಷದ ಕಸುಬು ಆ ಕೈಯನ್ನು ಹಾಗೆ ನಿಲ್ಲಿಸಿತ್ತು. ಪುಣೆಯ ಬುಧವಾರ ಪೇಟೆಯಲ್ಲಿ ಒಂದು ಕಲ್ಲಚ್ಚಿನ ಛಾಪಖಾನೆಯಿತ್ತು. ರಾಯರು ಅಲ್ಲಿ ಕಲ್ಲಿನ ಮೇಲೆ ಬರೆಯುವವರು. ಕನ್ನಡಿಯಂತೆ ಉಜ್ಜಿದ ಕಲ್ಲಿನ ಮೇಲೆ ಜಿಡ್ಡಿನ ಮಸಿಯಿಂದ ಪುಟಪುಟವನ್ನೇ ಬರೆಯಬೇಕು, ಅದೂ ಕಾಗದದ ಮೇಲೆ ಸರಿಯಾಗಿ ಮೂಡುವಂತೆ ಬಲದಿಂದ ಎಡಕ್ಕೆ, ಹಿಂದುಮುಂದಾಗಿ. ಜಿಡ್ಡು ತಾಗಿದಲ್ಲೆಲ್ಲ ಕಲ್ಲು ಮಸಿ ಹಿಡಿಯುತ್ತದೆ. ಬರೆಯುವವನ ಅಂಗೈ ಒಮ್ಮೆ ತಾಗಿದರೆ ಸಾವಿರ ಪ್ರತಿಗಳಲ್ಲೂ ಆ ಕಲೆ ಬರುತ್ತದೆ. ಆದ್ದರಿಂದ ರಾಯರು ಬೆಳಗ್ಗೆ ಒಗ್ಗರಣೆ ಬಿದ್ದದ್ದೇನನ್ನೂ ಮುಟ್ಟುತ್ತಿರಲಿಲ್ಲ. ಒಣ ಭಕ್ಕರಿ ತಿಂದು, ಕಡಲೆಹಿಟ್ಟಿನಿಂದ ಕೈ ತಿಕ್ಕಿಕೊಂಡು ಹೊರಡುತ್ತಿದ್ದರು. ದೀಪಾವಳಿಯ ಎಣ್ಣೆಸ್ನಾನಕ್ಕೆ ಹೆಂಡತಿ ಭಾಮಾಬಾಯಿ ತಲೆಗೆ ಎಣ್ಣೆ ಒತ್ತುವಾಗಲೂ ಬಲಗೈಯನ್ನು ದೂರ ಚಾಚಿಯೇ ಕುಳಿತಿರುತ್ತಿದ್ದರು. "ಕೈ ಒಂದು ಛಾಪಖಾನೀದು, ಉಳಿದ ಗಂಡ ನಂದು," ಎಂದು ಆಕೆ ತಾವಿದ್ದ ವಾಡೆಯ, ಎಂದರೆ ವಠಾರದ, ಹೆಂಗಸರೊಡನೆ ನಗುತ್ತಿದ್ದಳು.

ಅವರು ಧಾರವಾಡದ ಕಡೆಯವರು, ಹೆಬಸೂರ ಎಂಬ ಅಡ್ಡಹೆಸರಿನವರು. ಕಸಬಾ ಪೇಟೆಯ ಒಂದು ವಾಡೆಯಲ್ಲಿ ಕೆಳಗಿನ ಎರಡು ಖೋಲಿ ಅವರದು. ಮೇಲಿನ ಒಂದು ಖೋಲಿಯಲ್ಲಿ, ಓದಲೆಂದು ನವಲಗುಂದದ ಸೀಮೆಯಿಂದ ಬಂದ ನಾನಿದ್ದೆ. ನಮ್ಮ ಮನೆತನದಲ್ಲಿ ಶಾಲೆಯ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಹೀಗಾಗಿ, ಅಕ್ಷರದಿಂದಲೇ ಹೊಟ್ಟೆ ಹೊರೆಯುವ ಈ ಮನುಷ್ಯನನ್ನು ನಾನು ಒಂದು ಬಗೆಯ ಭಕ್ತಿಯಿಂದ ನೋಡುತ್ತಿದ್ದೆ. ಅವರ ಕರಿಯ ಅಲ್ಪಾಕದ ಕೋಟಿನ ಬಲತೋಳು ಯಾವಾಗಲೂ ಎರಡು ಮಡಿಕೆ ಮೇಲಕ್ಕೆ ಮಡಚಿರುತ್ತಿತ್ತು. ಮಡಿಕೆಯ ಒಳಗಿನ ಬಟ್ಟೆ ಅಚ್ಚಕರಿಯದಾಗಿಯೇ ಉಳಿದು, ಉಳಿದ ಕೋಟು ಬಿಸಿಲಿಗೆ ಕಂದು ತಿರುಗಿತ್ತು. ನಡಿಗೆಯೂ ವಿಚಿತ್ರ. ಬರೆದು ಮುಗಿಸಿದ ಹಸಿಕಲ್ಲನ್ನು ಸಿದ್ರಾಮಪ್ಪನೆಂಬ ಗಟ್ಟಿಮುಟ್ಟಾದ ಆಳು ಎದೆಗೆ ಅಪ್ಪಿಕೊಂಡು ಯಂತ್ರದ ತನಕ ಒಯ್ಯುವಾಗ, ಯಾರಾದರೂ ತಾಗಿಯಾರೆಂಬ ಅಂಜಿಕೆಯಲ್ಲಿ ರಾಯರು ಅರ್ಧ ಹೆಜ್ಜೆ ಹಿಂದೆ ಕೈ ಅಡ್ಡ ಹಿಡಿದು ನಡೆಯುತ್ತಿದ್ದರಂತೆ. ಬೀದಿಯಲ್ಲಿಯೂ ಯಾರ ಹಿಂದೆಯೇ ಆಗಲಿ ಅವರು ಹಾಗೆಯೇ ನಡೆಯುತ್ತಿದ್ದರು. ಯಾವ ಮಾತು ಕೇಳಿದರೂ ಮೊದಲ ಉತ್ತರ "ಒಣಗಲಿ, ತಡೀರಿ" ಎಂಬುದು. ಮಗಳು ಇಂದೂಗೆ ವರ ನೋಡುತ್ತೀರೇನೆಂದು ಯಾರೋ ಕೇಳಿದಾಗಲೂ ಅದೇ ಉತ್ತರ ಬಂದಿತ್ತು.

ಅವರ ಸಂಬಳ ಅರವತ್ತೈದು ರೂಪಾಯಿ. ಬಿ.ಎ. ಆದ ಎಷ್ಟೋ ಮಾಸ್ತರರಿಗೆ ಆಗ ಅಷ್ಟು ಸಿಗುತ್ತಿರಲಿಲ್ಲ. ಹನ್ನೆರಡರಿಂದ ಏರಿದ್ದು ಅದು. ಮರಾಠಿಯ ಬಾಲಬೋಧ ಲಿಪಿ ಕಲಿತಾಗ ಇಷ್ಟು, ಮೋಡಿ ಲಿಪಿ ಕಲಿತಾಗ ಇಷ್ಟು, ಧಾರವಾಡದ ಕಡೆಯ ಕನ್ನಡ ಪುಸ್ತಕಗಳು ಬರತೊಡಗಿದಾಗ ಇಷ್ಟು. ಅಲ್ಲಿದ್ದ ನಲವತ್ತು ಕಲ್ಲುಗಳ ಸ್ವಭಾವ ಅವರಿಗೆ ಮನೆಯ ಮಕ್ಕಳ ಸ್ವಭಾವದಂತೆ ಗೊತ್ತಿತ್ತು. ಒಂದು ಕಲ್ಲು ಮಸಿ ಕುಡಿಯುತ್ತದೆ, ಒಂದು ಮಳೆಗಾಲದಲ್ಲಿ ಬೆವರುತ್ತದೆ, ಮೂಲೆ ಒಡೆದ ಒಂದರ ಮೇಲೆ ನಕ್ಷೆ ಬರೆಯಬಾರದು. ಈ ಜ್ಞಾನಕ್ಕೆ ಆ ಛಾಪಖಾನೆಯ ಗೋಡೆಗಳ ಒಳಗೆ ಅರವತ್ತೈದು ರೂಪಾಯಿಯ ಬೆಲೆಯಿತ್ತು. ಗೋಡೆಯ ಹೊರಗೆ ಅದಕ್ಕೆ ಏನು ಬೆಲೆಯೆಂದು ಯಾರೂ ಕೇಳಿರಲಿಲ್ಲ.

೧೯೩೨ರಲ್ಲಿ ಆ ಛಾಪಖಾನೆಗೆ ಪುಟಗಳ ಛಾಯಾಚಿತ್ರ ತೆಗೆದು ಸತುವಿನ ತಗಡಿಗೆ ಇಳಿಸುವ ಕ್ಯಾಮರಾ ಬಂತು. ಹಳೆಯ ಪುಸ್ತಕದ ಒಂದು ಒಳ್ಳೆಯ ಪ್ರತಿಯಿದ್ದರೆ ಸಾಕು, ಮತ್ತೆ ಬರೆಯುವ ಕೆಲಸವಿಲ್ಲ. ಆದರೆ ಹಳೆಯ ಪ್ರತಿಗಳಲ್ಲಿ ಗೆರೆಗಳು ಹರಿದಿದ್ದವು, ಅನುಸ್ವಾರಗಳು ಉದುರಿದ್ದವು. ವ್ಯವಸ್ಥಾಪಕ ಅವಧೂತರಾಯರು ಆ ಪ್ರತಿಗಳ ಗಂಟನ್ನು ರಾಯರ ಮುಂದಿಟ್ಟು, ಸಾಧ್ಯವಾದಷ್ಟು ತಿದ್ದಿ ಕೊಡಿ ಎಂದರು. ಬೇರೆ ಯಾರಾದರೂ ಆಗಿದ್ದರೆ ಹತ್ತಕ್ಕೆ ಎರಡು ತಿದ್ದಿ, ಉಳಿದವನ್ನು ಹೊಸದಾಗಿ ಬರೆಯದೆ ಆಗದು ಎನ್ನುತ್ತಿದ್ದರು. ರಾಯರು ನಾಲ್ಕು ತಿಂಗಳು ಕುಳಿತು ಪ್ರತಿಯೊಂದು ಪುಟವನ್ನೂ ತಿದ್ದಿದರು.

"ರಾಯರ, ಒಂದಿಷ್ಟು ಹರಕ ಬಿಡ್ರಿ," ಎಂದು ಸಿದ್ರಾಮಪ್ಪ ಕಲ್ಲು ಉಜ್ಜುತ್ತಲೇ ಹೇಳಿದ್ದನಂತೆ.

"ಹರಕ ಕಣ್ಣಿಗೆ ಕಾಣತದಲ್ಲೋ. ಹೆಂಗ ಬಿಡಲಿ?"

"ನಿಮಗ ಕಾಣತದ. ಓದೋರಿಗೆ ಕಾಣೂದಿಲ್ಲ. ನೀವೆಲ್ಲಾ ತಿದ್ದಿ ಕೊಟ್ರ ನಾಳೆ ನಿಮಗೇನ ಕೆಲಸ ಉಳೀತದ?"

"ಕೆಟ್ಟ ಪುಟ ಕೈಯಿಂದ ಹೊರಗ ಕಳಿಸಿ ಕೆಲಸ ಉಳಿಸ್ಕೊಳ್ಳೂದು ಬ್ಯಾಡಪಾ."

ಗಂಟು ಮುಗಿದ ವಾರದಲ್ಲಿ ಕಲ್ಲಿನ ವಿಭಾಗ ಮುಚ್ಚಿತು. ಅವಧೂತರಾಯರು ಕೆಟ್ಟವರಲ್ಲ. ತೆಂಗಿನಕಾಯಿ, ಹೊದೆಯುವ ಉಪರಣೆ ಕೊಟ್ಟು, ತಾವೇ ಕುಳಿತು ಒಂದು ಪ್ರಶಸ್ತಿಪತ್ರ ಬರೆಸಿದರು: ಇವರ ಕೈಗೆ ಸಮನಾದ ಕೈ ಈ ಪ್ರಾಂತದಲ್ಲಿಲ್ಲ, ಕೊನೆಗೆ ಪಡೆಯುತ್ತಿದ್ದ ಸಂಬಳ ಮಾಸಿಕ ರೂಪಾಯಿ ಅರವತ್ತೈದು. ಕೆಳಗೆ ದುಂಡಗಿನ ಮೊಹರು.

ಆ ಸಂಜೆ ರಾಯರು ಮೇಲಿನ ಖೋಲಿಗೆ ಬಂದು ಪತ್ರವನ್ನು ನನಗೆ ತೋರಿಸಿದರು. ಮುಖದಲ್ಲಿ ದುಃಖಕ್ಕಿಂತ ಹೆಮ್ಮೆಯೇ ಹೆಚ್ಚಾಗಿತ್ತು. "ಇಂದೂ ಇಂಗ್ಲಿಷ್ ಐದನೇ ಇಯತ್ತೆಯೊಳಗ ಅದಾಳ. ಮ್ಯಾಟ್ರಿಕಕ್ಕ ಇನ್ನ ಎರಡ ವರ್ಷ. ಮತ್ತ ಅರವತ್ತೈದಕ್ಕ ಮುಟ್ಟಬೇಕು, ಅಷ್ಟ. ನೀವೊಂದು ನಾಲ್ಕು ಅರ್ಜಿ ಬರೆದು ಕೊಡ್ರಿ." ನಾನು ಇಂಗ್ಲಿಷಿನಲ್ಲಿ ಅರ್ಜಿಗಳನ್ನು ಬರೆದೆ. ಪ್ರತಿಯೊಂದರಲ್ಲೂ ಕೊನೆಯ ಸಂಬಳ ಅರವತ್ತೈದು ಎಂಬ ಸಾಲನ್ನು, ಸತ್ಯವಾದ ಕಾರಣ, ಎಲ್ಲಕ್ಕೂ ಮೊದಲು ಬರೆದೆ.

ಪುಣೆಯ ಛಾಪಖಾನೆಗಳವರು ಆ ಪತ್ರವನ್ನು ಬಹಳ ಗೌರವದಿಂದ ಓದಿದರು. ಚಹ ತರಿಸಿದರು. ಕೆಲವರು ತಮ್ಮ ಕೆಲಸಗಾರರನ್ನು ಕರೆದು, ನೋಡಿರಿ, ಇಂಥ ಅಕ್ಷರ ಎಂದು ತೋರಿಸಿದರು. ಆಮೇಲೆ ಎಲ್ಲರೂ ಒಂದೇ ಮಾತನ್ನು ಬೇರೆ ಬೇರೆ ಮರಾಠಿಯಲ್ಲಿ ಹೇಳಿದರು: ಅರವತ್ತೈದು ಪಡೆದವರು ನೀವು, ನಮ್ಮ ಇಪ್ಪತ್ತೈದಕ್ಕೆ ಎಷ್ಟು ದಿನ ಕೂತೀರಿ? ಎಲ್ಲಾದರೂ ದೊಡ್ಡ ಕಡೆ ಕರೆದರೆ ಮರುದಿನವೇ ಹೊರಡುತ್ತೀರಿ. ಶನಿವಾರ ಪೇಟೆಯ ಲಗ್ನಪತ್ರಿಕೆಯ ಒಂದು ಸಣ್ಣ ಛಾಪಖಾನೆಯವನೊಬ್ಬ ಮಾತ್ರ, ಮೂರನೆಯ ತಿಂಗಳಲ್ಲಿ, ಮೂವತ್ತು ಕೊಡುತ್ತೇನೆ ಬನ್ನಿ ಎಂದ. ರಾಯರು ಕೈಮುಗಿದು ಎದ್ದು ಬಂದರು.

ಅಂದು ಕೆಳಗಿನ ಖೋಲಿಯಲ್ಲಿ ಆದ ಜಗಳ ಇಡೀ ವಾಡೆಗೆ ಕೇಳಿಸಿತು.

"ಮೂವತ್ತು ಬ್ಯಾಡ ಅಂದ್ರೇನು? ಮನ್ಯಾಗ ಏನದ ಅಂತ ನೋಡೀರಿ?" ಎಂದಳು ಭಾಮಾಬಾಯಿ.

"ಮೂವತ್ತಕ್ಕ ಕೂತ್ರ ನಾಳೆ ನನ್ನ ಬೆಲೆ ಮೂವತ್ತ ಆಗತದ. ಆಮೇಲೆ ಯಾರೂ ಏರಿಸೂದಿಲ್ಲ."

"ಹಂಗಾದ್ರ ಆ ಕಾಗದಾನರ ಮನ್ಯಾಗ ಇಟ್ಟು ಹೋಗ್ರಿ. ಕೈ ತೋರಿಸ್ರಿ, ಸಾಕು. ಕಾಗದ ನೋಡಿ ಮಂದಿ ಅಂಜತಾರ."

"ಕಾಗದ ಇಲ್ಲದ ಕೈ ಯಾರು ನಂಬ್ತಾರ?"

"ನಂಬಿದೋರು ಎಷ್ಟು ಮಂದಿ ಆದ್ರು, ಹೇಳ್ರಿ. ಚಾ ಕುಡಿಸ್ಯಾರ, ಅಷ್ಟ. ನನಗೂ ಇಂದೂಗೂ ಒಂದೊಂದ ಬಟ್ಟಲ ತರ್ರಿ ನಾಳೆ."

ರಾಯರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ ಎಂಬುದು ಈಗ ನನಗೆ ಹೊಳೆಯುತ್ತದೆ. ಒಮ್ಮೆ ಕೆಳಗಿಳಿದ ಬೆಲೆ ಏರುವುದಿಲ್ಲವೆಂಬುದನ್ನು ಅವರು ಮೊದಲೇ ಕಂಡಿದ್ದರು. ಆದರೆ ಏರಿದ ಬೆಲೆಯನ್ನು ಕೊಳ್ಳುವವರಿಲ್ಲದೆ ಹಿಡಿದುಕೊಂಡು ಕೂರುವುದಕ್ಕೂ ಪ್ರತಿದಿನ ಒಂದು ಖರ್ಚಿದೆ. ಹತ್ತನೆಯ ತಿಂಗಳಿಗೆ ಇಂದೂಳ ಶಾಲೆ ನಿಂತಿತು. ಅವಳು ಅಳಲಿಲ್ಲ. ಬೀಜಗಣಿತದ ಪುಸ್ತಕವನ್ನು ಮೇಲೆ ತಂದು ನನ್ನ ಕೈಗಿಟ್ಟು, "ನಿಮಗ ಉಪಯೋಗ ಆಗೂದಿಲ್ಲ, ಖರೆ. ಆದ್ರ ಕೆಳಗ ಇದ್ರ ಅಪ್ಪಾ ದಿನಾ ಅದನ್ನ ನೋಡ್ತಾನ," ಎಂದಳು.

ಇತ್ತ ಸಿದ್ರಾಮಪ್ಪನಿಗೆ ಏನೂ ಆಗಿರಲಿಲ್ಲ. ಕಲ್ಲು ಹೊರುತ್ತಿದ್ದ ತೋಳು ಮರುವಾರವೇ ಭವಾನಿ ಪೇಟೆಯಲ್ಲಿ ಬೆಲ್ಲದ ಮೂಟೆ ಹೊರತೊಡಗಿತ್ತು. ಮೊದಲಿದ್ದದ್ದು ಹದಿನೆಂಟು, ಈಗಲೂ ಹದಿನೆಂಟು. ತೋಳಿನ ಬಲ ಎಲ್ಲ ಅಂಗಡಿಗೂ ಒಂದೇ ಬೆಲೆಯ ಸರಕು. ಅವನೇ ಒಂದು ದಿನ ರಾಯರನ್ನು ತನ್ನ ಧಣಿಯಾದ ಶಿವಪ್ಪನ ಅಡತಿ ಅಂಗಡಿಗೆ ಕರೆದುಕೊಂಡು ಹೋದ. ಶಿವಪ್ಪ ಸಂಕೇಶ್ವರದ ಕಡೆಯ ಲಿಂಗಾಯತ. ಊರೂರಿಗೆ ಬೆಲ್ಲ, ಕಾಳು ಕಳಿಸುವ ದಲಾಲ. ಚೀಲದ ಮೇಲೆ ಊರಿನ ಹೆಸರು, ವ್ಯಾಪಾರಿಯ ಗುರುತು ಬರೆಯಲು ಅವನಿಗೆ ಒಬ್ಬ ಬೇಕಾಗಿತ್ತು. ಇಪ್ಪತ್ತೆರಡು ರೂಪಾಯಿ. ಈ ಸಲ ರಾಯರು ಪತ್ರವನ್ನು ಕೋಟಿನ ಒಳಜೇಬಿನಿಂದ ಹೊರಗೆ ತೆಗೆಯಲಿಲ್ಲ.

ಚೀಲದ ಮೇಲೆ ಬರೆಯುವುದು ಯಾರಿಗಾದರೂ ಬರುವ ಕೆಲಸ, ಆದ್ದರಿಂದ ರಾಯರಿಗೆ ಅದು ಬರಲಿಲ್ಲ. ಮಣ್ಣಿನ ನೆಲದ ಮೇಲೆ ಮೊಣಕಾಲೂರಿ, ಗೋಣಿಗೆ ಕೈ ತಾಗದಂತೆ ಕುಂಚವನ್ನು ಎತ್ತಿ ಹಿಡಿದು, ಗದಗ ಎಂಬ ಮೂರು ಅಕ್ಷರಕ್ಕೆ ಅವರು ತಲೆಕಟ್ಟಿನಿಂದ ತುದಿಯ ತನಕ ಒಂದೇ ದಪ್ಪ ಬರುವಂತೆ ಹೆಣಗುತ್ತಿದ್ದರು. ಬಂಡಿಗಳು ಸಾಲುಗಟ್ಟಿ ನಿಂತಿರುತ್ತಿದ್ದವು. ಶಿವಪ್ಪ ಗಾದಿಯ ಮೇಲಿಂದಲೇ ಕೂಗುತ್ತಿದ್ದ:

"ರಾಯರ, ಅದು ಚೀಲರೀ, ಪೋಥಿ ಅಲ್ಲ. ಗದಗಿನ ಹಮಾಲ ಅದನ್ನ ಪಾರಾಯಣ ಮಾಡೂದಿಲ್ಲ."

"ಒಣಗಲಿ, ತಡೀರಿ."

"ಅದು ಒಣಗೂದ್ರಾಗ ನನ್ನ ಬೆಲ್ಲ ಕರಗತದ."

ಹಮಾಲರು ನಗುತ್ತಿದ್ದರು. ಸಿದ್ರಾಮಪ್ಪ ಮಾತ್ರ ನಗುತ್ತಿರಲಿಲ್ಲ. ಬರೆದ ಚೀಲವನ್ನು, ಹಿಂದಿನ ಅಭ್ಯಾಸದಂತೆ, ಅಕ್ಷರ ಹೊರಮುಖವಾಗುವಂತೆ ಹೆಗಲಿಗೆ ಹಾಕಿಕೊಳ್ಳುತ್ತಿದ್ದ. ಶಿವಪ್ಪನೂ ಒಂದು ಬಗೆಯಲ್ಲಿ ಒಳ್ಳೆಯವನೇ. ಕೈ ನಿಧಾನವೆಂದು ಬೈದನೇ ಹೊರತು ಬಿಡಿಸಲಿಲ್ಲ. ಹತ್ತು ವರ್ಷದಲ್ಲಿ ಇಪ್ಪತ್ತೆರಡನ್ನು ಇಪ್ಪತ್ತಾರಕ್ಕೂ ಏರಿಸಿದ. ಆ ಹತ್ತು ವರ್ಷದಲ್ಲಿ ರಾಯರ ತಲೆಯೆಲ್ಲ ನೆರೆಯಿತು. ಇಂದೂ ಮ್ಯಾಟ್ರಿಕ್ ಆಗದ ಕಾರಣ ಹುಡುಗಿಯರ ಒಂದು ಪ್ರಾಥಮಿಕ ಶಾಲೆಯಲ್ಲಿ ಕೆಳದರ್ಜೆಯ ಸಹಾಯಕಿಯಾಗಿ ಹದಿನೈದು ರೂಪಾಯಿಗೆ ಸೇರಿದಳು. ಅವಳ ಜತೆ ಓದಿ ಮ್ಯಾಟ್ರಿಕ್ ಮುಗಿಸಿದ ಶಾಮಲಾ ಎಂಬವಳು ಅದೇ ಶಾಲೆಯಲ್ಲಿ ಅವಳಿಗಿಂತ ಇಮ್ಮಡಿ ಪಡೆಯುತ್ತಿದ್ದಳು. ಇಬ್ಬರೂ ಒಂದೇ ಪಾಠವನ್ನು ಪಕ್ಕಪಕ್ಕದ ಕೋಣೆಗಳಲ್ಲಿ ಹೇಳುತ್ತಿದ್ದರು.

ಒಂದು ಶ್ರಾವಣದಲ್ಲಿ ಭಾಮಾಬಾಯಿ ಪೇಟೆಯಿಂದ ತರಕಾರಿಯ ಜತೆಗೆ ಎರಡಾಣೆಯ ವ್ರತಕಥೆಯ ಪುಸ್ತಕವೊಂದನ್ನು ತಂದಳು. ಹೊಸದಾಗಿ ಅಚ್ಚಾದದ್ದು, ರಾಯರದೇ ಅಕ್ಷರ. ಇಪ್ಪತ್ತು ವರ್ಷದ ಹಿಂದೆ ಅವರು ಕಲ್ಲಿನ ಮೇಲೆ ಬರೆದ ಪುಟಗಳು ತಗಡಿನಿಂದ ಇನ್ನೂ ಇಳಿಯುತ್ತಲೇ ಇದ್ದವು. ಆಕೆ ಅದನ್ನು ಗಂಡನ ಮುಂದೆ ಇಟ್ಟಳು. ಓದು ಮುಗಿದ ಮೇಲೂ ಮೇಲಿನ ಖೋಲಿಯಲ್ಲಿಯೇ ಉಳಿದಿದ್ದ ನಾನೂ ಅಲ್ಲಿದ್ದೆ. ರಾಯರು ಸಿಟ್ಟಾಗಬಹುದು, ನಿಟ್ಟುಸಿರಿಡಬಹುದು ಎಂದುಕೊಂಡೆ. ಅವರು ಪುಟ ತಿರುವಿ, ಒಂದು ಕಡೆ ಬೆರಳಿಟ್ಟು, "ಇಲ್ಲಿ ಗೆರಿ ಪೂರಾ ಹೋಗಿತ್ತು. ತಿದ್ದಿದ್ದು ಗೊತ್ತಾಗೂದಿಲ್ಲ, ನೋಡ್ರಿ," ಎಂದರು.

"ಗೊತ್ತಾಗತದ," ಎಂದಳು ಭಾಮಾಬಾಯಿ. "ನನಗ ಗೊತ್ತಾಗತದ."

ಯುದ್ಧ ಬಂತು. ೧೯೪೩ರಲ್ಲಿ ಅದೇ ಬುಧವಾರ ಪೇಟೆಯ ಛಾಪಖಾನೆಗೆ ಸೈನ್ಯದ ನಕ್ಷೆಗಳನ್ನು ಮುದ್ರಿಸುವ ಗುತ್ತಿಗೆ ಸಿಕ್ಕಿತು. ನಕ್ಷೆಯಲ್ಲಿ ಊರಿನ ಹೆಸರು, ರಸ್ತೆ ದಿನದಿನಕ್ಕೆ ಬದಲಾಗುವವು. ಪ್ರತಿಸಲ ಹೊಸ ಚಿತ್ರ ತೆಗೆಯಲು ಪುರುಸೊತ್ತಿಲ್ಲ. ತಗಡಿನ ಮೇಲೆಯೇ, ಹಿಂದುಮುಂದಾಗಿ, ಕೈಯಿಂದ ತಿದ್ದಬೇಕು. ಆ ಕೈಗಳನ್ನೆಲ್ಲ ಹನ್ನೊಂದು ವರ್ಷದ ಹಿಂದೆಯೇ ಮನೆಗೆ ಕಳಿಸಿಯಾಗಿತ್ತು. ಅವಧೂತರಾಯರು ತೀರಿಕೊಂಡಿದ್ದರು, ಮಾಲಕನ ಮಗ ಪ್ರಲ್ಹಾದಪಂತ ಈಗ ವ್ಯವಹಾರ ನೋಡುತ್ತಿದ್ದ. ಅವನ ಚೀಟಿ ಬಂದ ದಿನ ರಾಯರು ಶಿವಪ್ಪನ ಅಂಗಡಿಯಲ್ಲಿ ಮೊದಲ ಸಲ ರಜೆ ಕೇಳಿದರು.

"ಈಗೆಷ್ಟ ಸಿಗತದ ಅಂತ ಕೇಳ್ತಾರ," ಎಂದು ಭಾಮಾಬಾಯಿ ಬೆಳಗ್ಗೆಯೇ ಎಚ್ಚರಿಸಿದಳು. "ಐವತ್ತು ಅನ್ರಿ. ಯಾರೂ ಭವಾನಿ ಪೇಟಿಗೆ ಹೋಗಿ ಕೇಳೂದಿಲ್ಲ."

ಪ್ರಲ್ಹಾದಪಂತ ಒಂದು ತಗಡನ್ನು ಕೊಟ್ಟು ಪರೀಕ್ಷೆ ಮಾಡಿದ. ಹತ್ತು ವರ್ಷ ಗೋಣಿಯ ಮೇಲೆ ಬರೆದ ಕೈ ಕಾಲುಗಂಟೆಯಲ್ಲಿ ಆರು ಊರುಗಳ ಹೆಸರನ್ನು ಸಾಸಿವೆಯ ಗಾತ್ರದಲ್ಲಿ, ಹಿಂದುಮುಂದಾಗಿ, ತಪ್ಪಿಲ್ಲದೆ ಇಳಿಸಿತು. ಅವನು ಭೂತಗನ್ನಡಿ ಹಿಡಿದು ಆರೂ ಹೆಸರುಗಳನ್ನು ಒಂದೊಂದಾಗಿ ನೋಡಿದ. ಆಮೇಲೆ ಮರಾಠಿಯಲ್ಲಿ, ಈಗ ಎಷ್ಟು ಸಿಗುತ್ತದೆ ಎಂದು ಕೇಳಿದ.

"ಇಪ್ಪತ್ತಾರು," ಎಂದರು ರಾಯರು. ಎಂದವರೇ ಒಳಜೇಬಿನಿಂದ ಪತ್ರವನ್ನು ತೆಗೆದು ಮುಂದಿಟ್ಟರು.

ಪ್ರಲ್ಹಾದಪಂತ ಓದಿ ನಕ್ಕ. "ಇದು ನಮ್ಮದೇ ಮೊಹರು. ಆದರೆ ರಾವ್, ಇದು ಹನ್ನೊಂದು ವರ್ಷದ ಹಿಂದಿನ ಮಾತು. ಇವತ್ತಿನ ನಿಮ್ಮ ಬೆಲೆಯನ್ನು ನೀವೇ ಹೇಳಿದಿರಿ. ನಾನು ಮೂವತ್ತೈದು ಕೊಡುತ್ತೇನೆ. ಒಂದೇ ಸಲಕ್ಕೆ ಒಂಬತ್ತು ರೂಪಾಯಿ ಯಾರು ಏರಿಸುತ್ತಾರೆ?"

ರಾಯರು ಒಪ್ಪಿಕೊಂಡು ಬಂದರು. ಜೋಳದ ಬೆಲೆ ಆಗ ದುಪ್ಪಟ್ಟಾಗಿತ್ತು. ಆ ಮೂವತ್ತೈದಕ್ಕೆ ಶಿವಪ್ಪನ ಮೊದಲ ಇಪ್ಪತ್ತೆರಡರಷ್ಟೂ ಕಾಳು ಬರುತ್ತಿರಲಿಲ್ಲ. ಮನೆಯಲ್ಲಿ ಭಾಮಾಬಾಯಿ ಈ ಸಲ ಜಗಳಾಡಲಿಲ್ಲ. ಐವತ್ತು ಯಾಕೆ ಅನ್ನಲಿಲ್ಲ ಎಂದಷ್ಟೇ ಕೇಳಿದಳು.

"ಅರವತ್ತೈದು ಖರೇ ಅಂತ ಅವರು ನಂಬಬೇಕಿತ್ತು," ಎಂದರು ರಾಯರು. "ಒಂದ ಸುಳ್ಳಾಡಿದ್ರ ಎರಡೂ ಸುಳ್ಳ ಆಗ್ತಿದ್ದುವು."

"ಅವರು ನಂಬಿದ್ರು?"

"ಎರಡೂ ನಂಬಿದ್ರು."

ಅವರ ಪಕ್ಕದಲ್ಲಿ ಅದೇ ಕೆಲಸಕ್ಕೆ ಮುಂಬಯಿಯ ಕಲಾಶಾಲೆಯಿಂದ ಬಂದ ಇಪ್ಪತ್ತನಾಲ್ಕರ ತರುಣನೊಬ್ಬ ಕುಳಿತಿದ್ದ. ಅವನಿಗೆ ಎಪ್ಪತ್ತು. ಎಲ್ಲಿಯೂ ದುಡಿದಿರದ ಅವನಿಗೆ ಹಿಂದಿನ ಸಂಬಳವೆಂಬುದೇ ಇರಲಿಲ್ಲ. ಆದ್ದರಿಂದ ಕೆಲಸಕ್ಕೆ ಯಾವ ಬೆಲೆಯಿತ್ತೋ ಅದನ್ನೇ ಕೊಟ್ಟಿದ್ದರು. ಹಿಂದುಮುಂದಾಗಿ ಬರೆಯುವುದನ್ನು ಅವನಿಗೆ ಕಲಿಸುವುದು ರಾಯರ ಕೆಲಸದಲ್ಲಿಯೇ ಸೇರಿತ್ತು. ಭಾನುವಾರ ವಾಡೆಗೆ ಬಂದ ಸಿದ್ರಾಮಪ್ಪ ಇದನ್ನು ಕೇಳಿ, ಕಟ್ಟೆಯ ಮೇಲೆ ಕುಳಿತು, "ಅವಗ ಕಲಸ್ತೀರಿ. ಕಲಿಸಿ ಅವನ ಅರ್ಧ ತಗೋತೀರಿ. ಇದ್ಯಾವ ಲೆಕ್ಕಾರೀ ರಾಯರ?" ಎಂದ.

"ಹುಡುಗ ಛಲೋ ಇದ್ದಾನ. ಕೈ ಸ್ವಲ್ಪ ಅವಸರ, ಅಷ್ಟ."

"ನಾ ಹುಡುಗನ ಮಾತು ಕೇಳಲಿಲ್ಲ."

ಒಳಗೆ ಇಂದೂ ತನ್ನ ಶಾಲೆಯ ಹುಡುಗಿಯರ ಪಾಟಿಗಳಲ್ಲಿದ್ದ ತಪ್ಪುಗಳನ್ನು ತಿದ್ದುತ್ತಿದ್ದಳು. ಅವಳಿಗೆ ಆಗ ಇಪ್ಪತ್ತಾರು ವರ್ಷ.

ಆ ಮೂವತ್ತೈದೇ ಅವರು ಮತ್ತೆ ಮುಟ್ಟಿದ ಎತ್ತರ. ಯುದ್ಧ ಮುಗಿದ ಮೇಲೆ ಗುತ್ತಿಗೆಯೂ ಮುಗಿಯಿತು, ಆ ಕೆಲಸವೂ ಹೋಯಿತು. ನಾನು ಈಗ ಮಾಸ್ತರನಾಗಿ ಪ್ರತಿ ತಿಂಗಳು ಸಂಬಳದ ಪಟ್ಟಿಯಲ್ಲಿ ಸಹಿ ಹಾಕುವಾಗ ಅವರ ನೆನಪಾಗುತ್ತದೆ, ಅವರಿಗೆ ನಾನು ಬರೆದುಕೊಟ್ಟ ಅರ್ಜಿಗಳ ನೆನಪೂ ಆಗುತ್ತದೆ. ದುರ್ವ್ಯಸನದಿಂದ ಕೆಟ್ಟವರನ್ನು ಲೋಕ ಬೈಯುತ್ತದೆ, ವ್ಯಾಪಾರದಲ್ಲಿ ಮುಳುಗಿದವರನ್ನು ಕನಿಕರಿಸುತ್ತದೆ. ದಿಗಂಬರರಾಯರಂಥವರಿಗೆ ಈ ಎರಡೂ ಸಿಗುವುದಿಲ್ಲ. ಅವರು ಒಂದು ಕೆಲಸವನ್ನು ಪೂರ್ತಿಯಾಗಿ ಕಲಿತವರು, ಆದ್ದರಿಂದ ಅದು ಹೋದಾಗ ಪೂರ್ತಿಯಾಗಿ ಕಳೆದುಕೊಂಡವರು. ಅರ್ಧ ಕಲಿತವನು ಇನ್ನೊಂದು ಕಡೆ ಅರ್ಧಕ್ಕೆ ಸಲ್ಲುತ್ತಾನೆ, ಏನೂ ಕಲಿಯದವನು ಎಲ್ಲ ಕಡೆಗೂ ಅದೇ ಬೆಲೆಗೆ ಸಲ್ಲುತ್ತಾನೆ. ಪೂರ್ತಿ ಕಲಿತ ಇಂಥವರ ಕೆಲಸ ಹೋಗುವುದು ಒಂದು ದಿನ ಮಾತ್ರ, ಸಂಬಳ ಹೋಗುವುದು ಆಮೇಲಿನ ಪ್ರತಿಯೊಂದು ತಿಂಗಳೂ; ಅವರ ಕಾಲ ಮುಗಿದರೆ ಮಕ್ಕಳ ಸಂಬಳದಲ್ಲಿ ಹೋಗುತ್ತಿರುತ್ತದೆ. ನಾವಾದರೋ, ಚೀಲ ಬರೆಯುವುದೇ ಆಗಲಿ, ಇನ್ನೊಂದು ಕೆಲಸ ಅವರಿಗೆ ಸಿಕ್ಕ ದಿನವೇ ಅವರನ್ನು ಕೆಲಸ ಕಳೆದುಕೊಂಡವರೆಂದು ಎಣಿಸುವುದನ್ನು ಬಿಟ್ಟುಬಿಡುತ್ತೇವೆ.